ಅಂಬಾಸಿಡರ್ ಪೆಟ್ರೋಲ್ ಪಂಪು: ಒದ್ದೆ ಬಟ್ಟೆ ನಂಬಿ ಕೆಟ್ಟೆ

ನಮ್ಮದು 1986ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಹೋದ ಬೇಸಿಗೆಯಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಏಳನೇ ತಿರುವಿನಲ್ಲಿ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಹಿಂದೆ ಬಂದ ಜೀಪಿನವರು "ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸಾರ್, ಸರಿಹೋಗುತ್ತೆ" ಅಂದರು. ಸುತ್ತಿದೆ, ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಯಿತು. ಹಾಗಾಗಿ ಇದು ವೇಪರ್ ಲಾಕೇ (ಬಿಸಿಗೆ ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲೋದು) ಅಂತ ನಂಬಿಕೊಂಡು ಎರಡು ತಿಂಗಳು ಡಿಕ್ಕಿಯಲ್ಲಿ ಬಟ್ಟೆ, ನೀರಿನ ಕ್ಯಾನ್ ಇಟ್ಟುಕೊಂಡು ಓಡಾಡಿದೆ.

ಅನುಮಾನ ಬಂದದ್ದು ಆಯಿಲ್ ನೋಡುವಾಗ. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆ ದಾಟಿತ್ತು. ಹಳೇ ಗಾಡಿ ಆಯಿಲ್ ಕುಡಿಯುತ್ತೆ, ಸರಿ, ಜಾಸ್ತಿ ಆಗೋದು ಎಲ್ಲಾದರೂ ಉಂಟಾ? ಮೂಸಿದರೆ ಪೆಟ್ರೋಲ್ ವಾಸನೆ. ಪಂಪಿನ ಲಿವರ್ ಎಂಜಿನ್ ಒಳಗೇ ಇರುತ್ತದೆ, ಕ್ಯಾಮ್‌ಶಾಫ್ಟ್ ಅದನ್ನು ಆಡಿಸುತ್ತದೆ. ಡಯಾಫ್ರಂ, ಅಂದರೆ ಪಂಪಿನೊಳಗೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುವ ರಬ್ಬರ್ ಹಾಕಿದ ಬಟ್ಟೆಯ ಪೊರೆ, ತೂತಾದರೆ ಪೆಟ್ರೋಲ್ ಸೀದಾ ಆಯಿಲಿಗೆ ಇಳಿಯುತ್ತದೆ. ಪಂಪಿನ ಅಡಿಯ ಸಣ್ಣ ತೂತಿನಲ್ಲೂ ಹನಿ ಇತ್ತು.

ಬ್ಯಾಟರಿ ವೈರ್ ತೆಗೆದು ಪಂಪ್ ಬಿಚ್ಚಿದೆ. ಎರಡು ಭಾಗ ಬೇರೆ ಮಾಡುವ ಮೊದಲು ಅಂಚಿನ ಮೇಲೆ ಅರದಿಂದ ಒಂದು ಗೀಟು ಹಾಕಿಕೊಳ್ಳಿ, ಇಲ್ಲವಾದರೆ ಜೋಡಿಸುವಾಗ ಪೈಪಿನ ಬಾಯಿ ಯಾವ ಕಡೆ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಡಯಾಫ್ರಂ ಬೆಳಕಿಗೆ ಹಿಡಿದೆ. ನಡುವಿನ ವಾಷರ್ ಪಕ್ಕ ಕೂದಲೆಳೆಯಷ್ಟು ಬಿರುಕು. ಪೊರೆಯ ಬಟ್ಟೆಯೆಲ್ಲ ಪೆಡಸಾಗಿತ್ತು. ಈಗಿನ ಪೆಟ್ರೋಲಿನ ಎಥನಾಲ್ ಹಳೇ ರಬ್ಬರಿಗೆ ಆಗಿಬರಲ್ಲ, ಹಾಗಾಗಿ ಪಂಪಿನ ರಿಪೇರಿ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವಂಥದ್ದೇ ಕೇಳಿ. ನನಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರನೇ ಅಂಗಡಿಯಲ್ಲಿ ಸಿಕ್ಕಿತು.

ಇಲ್ಲಿ ನಾನೇ ಎಡವಟ್ಟು ಮಾಡಿದೆ. ಪೆಟ್ರೋಲ್ ಒಳಬಿಡುವ, ಹೊರಬಿಡುವ ಎರಡು ವಾಲ್ವ್ ನೋಡೋಕೆ ಒಂದೇ ಥರ, ಆದರೆ ಒಂದು ಮೇಲ್ಮುಖ, ಇನ್ನೊಂದು ಕೆಳಮುಖ ಕೂರಬೇಕು. ಎರಡನ್ನೂ ಒಂದೇ ಕಡೆ ಮುಖ ಮಾಡಿ ಕೂರಿಸಿ, ಒಂದು ಗಂಟೆ ಸುಮ್ನೆ ಪ್ರೈಮಿಂಗ್ ಲಿವರ್ (ಕೈಯಿಂದ ಪೆಟ್ರೋಲ್ ಎಳೆಯಲು ಪಂಪಿನ ಹೊರಗಿರುವ ಸಣ್ಣ ಹಿಡಿ) ಒತ್ತಿದೆ! ಇನ್ನೊಂದು ಮಾತು: ಸುತ್ತಲಿನ ಸ್ಕ್ರೂಗಳನ್ನು ಮೊದಲು ಸಡಿಲವಾಗಿಡಿ. ಲಿವರ್ ಪೂರ್ತಿ ಒತ್ತಿ ಡಯಾಫ್ರಂ ಕೆಳಗೆ ಎಳೆದು ಹಿಡಿದುಕೊಂಡೇ ಎದುರುಬದುರು ಬಿಗಿಯಬೇಕು. ಎಳೆಯದೆ ಬಿಗಿದರೆ ಪ್ರತಿ ಹೊಡೆತಕ್ಕೂ ಅಂಚಿನಲ್ಲಿ ಜಗ್ಗಿ ಬೇಗ ಹರಿಯುತ್ತದೆ.

ಬೆರಳಿಂದ ಪಂಪಿಗೆ ಪೆಟ್ರೋಲ್ ಒಳಬರುವ ಬಾಯಿ ಮುಚ್ಚಿ ಲಿವರ್ ಆಡಿಸಿದಾಗ ಬೆರಳು ಹಿಡಿದು ಎಳೆಯಿತು. ಖುಷಿಯಾಯಿತು. ಎಂಜಿನ್‌ಗೆ ಕೂರಿಸಿದ ಮೇಲೆ ಪ್ರೈಮಿಂಗ್ ಲಿವರ್ ಸಡಿಲ ಅನಿಸಿದರೆ ಗಾಬರಿ ಬೇಡ, ಕ್ಯಾಮ್ ಆಗಲೇ ಒತ್ತಿ ಹಿಡಿದಿರುತ್ತದೆ. ಹ್ಯಾಂಡಲ್ ಹಾಕಿ ಎಂಜಿನ್ ಒಂದು ಸುತ್ತು ತಿರುಗಿಸಿ. ಆಯಿಲ್ ಬದಲಾಯಿಸದೆ ಮಾತ್ರ ಸ್ಟಾರ್ಟ್ ಮಾಡಬೇಡಿ, ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗ್ ತಿಂದುಹಾಕುತ್ತದೆ.

ಇಷ್ಟಾದರೂ ಏರಿನಲ್ಲಿ ಮತ್ತೆ ಮುಗ್ಗರಿಸಿತು. ಕಾರ್ಬ್ಯುರೇಟರ್ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು, ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್ ವೈರ್ ತೆಗೆದು ಸೆಲ್ಫ್ ಹೊಡೆದೆ. ಪೆಟ್ರೋಲ್ ಜೊತೆ ಗುಳ್ಳೆ. ಟ್ಯಾಂಕ್ ಪಕ್ಕದ ರಬ್ಬರ್ ಪೈಪ್ ಸೀಳಿತ್ತು. ಪಂಪು ಅಲ್ಲಿಂದ ಗಾಳಿ ಎಳೆಯುತ್ತಿತ್ತು, ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಒಂದಡಿ ಹೊಸ ಪೈಪ್, ಎರಡು ಕ್ಲಿಪ್. ಮೊನ್ನೆ ಮಟಮಟ ಮಧ್ಯಾಹ್ನ ಆಗುಂಬೆಯ 14 ತಿರುವೂ ನಿಲ್ಲದೆ ಹತ್ತಿತು.