ಮೊದಲು ಕ್ಯಾಲೆಂಡರ್, ಆಮೇಲೆ ಸಮುದ್ರ

ಉಡುಪಿಯಲ್ಲಿ ಮನೆ ಇದ್ದವರಿಗೆ ಡಿಸೆಂಬರ್ ಬಂತೆಂದರೆ ನೆಂಟರ ಫೋನು ಶುರು. "ಎರಡೇ ದಿನ. ಬೀಚು, ದೇವಸ್ಥಾನ, ಊಟ ಎಲ್ಲ ಆಗಬೇಕು." ಈ ಸಲ ಬೆಂಗಳೂರಿಂದ ಅಕ್ಕ, ಭಾವ, ಭಾವನ ಅಮ್ಮ, ಇಬ್ಬರು ಮಕ್ಕಳು ಬಂದಿದ್ದರು. ಅಜ್ಜಿಗೆ ಮಠದ ಊಟ ಮಾಡುವ ಆಸೆ. ಭಾವನಿಗೆ ಮೀನು. ಮಕ್ಕಳಿಗೆ ನೀರು ಬಿಟ್ಟರೆ ಬೇರೇನೂ ಬೇಡ.

ಹಿಂದಿನ ಸಲ ನಾನು ಹಾಕಿದ್ದ ಪ್ಲಾನ್ ನೆನೆದರೆ ಈಗಲೂ ನಾಚಿಕೆ. ಎರಡು ದಿನದಲ್ಲಿ ಕದ್ರಿ, ಪಣಂಬೂರು, ಮಲ್ಪೆ, ಮರವಂತೆ, ಸಾಲದ್ದಕ್ಕೆ ಮುರುಡೇಶ್ವರ! ಸಮುದ್ರ ನೋಡಿದ್ದಕ್ಕಿಂತ ಹೆದ್ದಾರಿ ನೋಡಿದ್ದೇ ಜಾಸ್ತಿ. ಅದಾದರೂ ಹೋಗಲಿ, ಅಜ್ಜಿಯನ್ನು ಕೃಷ್ಣ ಮಠಕ್ಕೆ ಕರೆದುಕೊಂಡು ಹೋದ ದಿನ ಏಕಾದಶಿ. ಅವತ್ತು ಮಠದಲ್ಲಿ ಊಟ ಇಲ್ಲ. ಇದೇ ಊರಲ್ಲಿದ್ದೂ ನನಗೆ ಹೊಳೆದಿರಲಿಲ್ಲ. ಅಜ್ಜಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಹಾಗಾಗಿ ಈ ಸಲ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿದೆ. ತಿಂಗಳಿಗೆ ಎರಡು ಏಕಾದಶಿ, ಅವೆರಡನ್ನೂ ಬಿಟ್ಟೆ. "ಜನವರಿಯಲ್ಲಿ ಬಂದರೆ ಹೇಗೆ?" ಎಂದು ಅಕ್ಕ ಕೇಳಿದಳು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಅದನ್ನೇ ನೋಡಲು ಬರುವುದಾದರೆ ಸರಿ, ಸುಮ್ನೆ ಸುತ್ತಲು ಬಂದರೆ ರಥಬೀದಿಯಲ್ಲಿ ಕಾಲಿಡಲೂ ಜಾಗ ಸಿಗದು. ಮಕ್ಕಳ ಬೇಸಿಗೆ ರಜೆ ಬೇಡವೆಂದಿದ್ದು ಸೆಕೆಗೆ. ಜೂನ್, ಜುಲೈ ಅಂತೂ ಬೇಡವೇ ಬೇಡ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೂ ಬಿಡುವುದಿಲ್ಲ.

ಎರಡನೆಯ ನಿಯಮ ಭಾವನಿಗಾಗಿ: ಬೆಳಿಗ್ಗೆ ದೇವರು, ರಾತ್ರಿ ಮೀನು. ಮೀನು ತಿಂದು ದೇವಸ್ಥಾನಕ್ಕೆ ಹೋಗುವುದು ಅಜ್ಜಿಗೆ ಒಪ್ಪದ ಮಾತು. ಈ ಒಂದು ಸಾಲಿನಿಂದ ಎಷ್ಟು ಜಗಳ ತಪ್ಪಿತು ಗೊತ್ತಾ?

ಮೂರನೆಯದು, ಕದ್ರಿ, ಪಣಂಬೂರು ಇರುವ ಮಂಗಳೂರನ್ನೇ ಕೈಬಿಟ್ಟೆ. ಅಲ್ಲಿಗೇ ಬೇರೆ ಎರಡು ದಿನ ಬೇಕು.

ರಾತ್ರಿ ರೈಲು ಹತ್ತಿ ಬಂದವರು ಬೆಳಿಗ್ಗೆ ಉಡುಪಿಯ ರೈಲು ನಿಲ್ದಾಣ ಇರುವ ಇಂದ್ರಾಳಿಯಲ್ಲಿ ಇಳಿದರು. ಸ್ನಾನ ಮುಗಿಸಿ ಬನ್ಸ್ ತಿಂದು ಸೀದಾ ರಥಬೀದಿಗೆ. ಇಲ್ಲಿ ಒಂದು ಕ್ರಮ ಇದೆ. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಎಲ್ಲ ಒಂದೇ ಕಡೆ ಇರುವುದರಿಂದ ಕಷ್ಟವೇನಿಲ್ಲ. ಅಂಗಿ ಬಿಚ್ಚುವಾಗ ಭಾವ ಹೊಟ್ಟೆ ಒಳಗೆಳೆದುಕೊಂಡದ್ದನ್ನು ನಾನು ನೋಡಲಿಲ್ಲ ಎಂದುಕೊಳ್ಳೋಣ. ನವಗ್ರಹ ಕಿಂಡಿಯ ಒಂಬತ್ತು ತೂತುಗಳಲ್ಲಿ ಕೃಷ್ಣ ಕಾಣುವುದು ಒಂದು ಕ್ಷಣ, ಅಷ್ಟರಲ್ಲಿ ಹಿಂದಿನವರು ಒತ್ತುತ್ತಾರೆ. ಅಜ್ಜಿ ಹೊರಗೆ ಬಂದು ಕನಕನ ಕಿಂಡಿಯ ಮುಂದೆ ಕಾಲು ಗಂಟೆ ನಿಂತರು. ಅಲ್ಲಿ ಯಾರೂ ಅವಸರ ಮಾಡಲಿಲ್ಲ. ಆಮೇಲೆ ಊಟ. ಸಾರು, ಹುಳಿ, ಪಾಯಸ. ಎರಡನೇ ಸಲ ಸಾರು ಹಾಕಿಸಿಕೊಂಡು ಅಜ್ಜಿ ನನ್ನ ಕಡೆ ನೋಡಿದರು. ಹಳೇ ಲೆಕ್ಕ ಚುಕ್ತಾ ಆಯಿತು ಅಂದುಕೊಂಡೆ.

ಮಧ್ಯಾಹ್ನ ನಿದ್ದೆ. ಹೌದು, ಅದೂ ಪ್ಲಾನಿನಲ್ಲೇ ಇತ್ತು. ಹನ್ನೆರಡರಿಂದ ನಾಲ್ಕರವರೆಗೆ ಮರಳಿನ ಮೇಲೆ ಕಾಲಿಡಲು ಆಗುವುದಿಲ್ಲ ಮಾರಾಯ್ರೆ, ಡಿಸೆಂಬರ್ ಆದರೂ ಅಷ್ಟೇ.

ಸಂಜೆ ಕಾಪು. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಸಂಜೆ ಸ್ವಲ್ಪ ಹೊತ್ತು ಹತ್ತಲು ಬಿಡುತ್ತಾರೆ, ತಡ ಮಾಡಿದರೆ ಕೆಳಗಿನಿಂದಲೇ ನೋಡಬೇಕು. ರಾತ್ರಿ ಭಾವನಿಗೆ ಬಂಗುಡೆ ಪುಳಿಮುಂಚಿ, ನೀರುದೋಸೆ, ಕಾಣೆ ಫ್ರೈ. ಅಂಜಲ್ ಬೇಕಿದ್ದರೆ ಮೊದಲೇ ರೇಟು ಕೇಳಿ. ಒಂದು ಹೋಟೆಲಲ್ಲಿ ಕೇಳದೆ ತಿಂದು, ಬಿಲ್ ನೋಡಿ ನನ್ನ ನಾಲಿಗೆಯ ರುಚಿಯೇ ಹೋಗಿತ್ತು.

ಮರುದಿನ ಬೇಗ ಎದ್ದು ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪದ ಬೋಟು ಹತ್ತಿದೆವು. ಅಲ್ಲಿ ಮರಳಿಗಿಂತ ಕಲ್ಲೇ ನೋಡಬೇಕಾದ್ದು. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಆರುವಾಗ ಕುಗ್ಗಿ ಬಿರುಕು ಬಿಟ್ಟು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಆಗ ಮಡಗಾಸ್ಕರ್ ನಮ್ಮ ಪಕ್ಕದಲ್ಲೇ ಇತ್ತಂತೆ ಎಂದೆ. ದೊಡ್ಡವನು ಅರ್ಧ ಗಂಟೆ ಮೂಲೆ ಎಣಿಸುತ್ತಾ ಐದರದ್ದೂ ಹುಡುಕಿದ. ಚಪ್ಪಲಿ ಹಿಡಿತ ಇರುವಂಥದ್ದು ಇರಲಿ, ಚಿಪ್ಪು ಚುಚ್ಚುತ್ತದೆ. ನೀರಾಟ ಮಾತ್ರ ವಾಪಸು ಬಂದು ಮಲ್ಪೆಯಲ್ಲಿ. ದ್ವೀಪದ ಬಂಡೆಗಳ ನಡುವೆ ಮಕ್ಕಳನ್ನು ಇಳಿಸುವ ಧೈರ್ಯ ನನಗಿಲ್ಲ.

ಸಂಜೆ ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಮ್. ರೈಲಿಗೆ ಮುಂಚೆ ಮಾರುಕಟ್ಟೆಯಲ್ಲಿ ಎರಡು ಕೆಜಿ ಮಟ್ಟು ಗುಳ್ಳ ಕಟ್ಟಿಸಿದೆ. ತಿಳಿಹಸಿರು, ದುಂಡಗೆ, ತೊಟ್ಟಿನಲ್ಲಿ ಮುಳ್ಳು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ಬದನೆ ಇದು. ಸೋದೆ ಮಠದ ಯತಿ ವಾದಿರಾಜರು ಬೀಜ ಕೊಟ್ಟದ್ದು ಎಂಬ ಕಥೆ ಕೇಳಿ ಅಜ್ಜಿ ಚೀಲವನ್ನು ತಾವೇ ಹಿಡಿದುಕೊಂಡರು. ತೆಂಗಿನಕಾಯಿ ಹಾಕದ ಬೋಳು ಹುಳಿ ಮಾಡುವುದು ಹೇಗೆಂದು ಅಕ್ಕನಿಗೆ ಬರೆದುಕೊಟ್ಟೆ.

ನಾಲ್ಕು ದಿನ ಬಿಟ್ಟು ಅಜ್ಜಿಯದೇ ಫೋನು. ಹುಳಿ ಚೆನ್ನಾಗಿತ್ತಂತೆ. "ಒಂದರ ಬೀಜ ಒಣಗಿಸಿಟ್ಟಿದ್ದೇನೆ, ಕುಂಡದಲ್ಲಿ ಹಾಕ್ತೇನೆ" ಎಂದರು. ಎಳೇ ಗುಳ್ಳದ ಬೀಜ ಮೊಳೆಯುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.