ಒಂದು ಎಸ್‌ಟಿಎಂ-1ರಲ್ಲಿ ಎಷ್ಟು ಟೂ ಎಂಬಿ? ಭಾಗಾಕಾರ ಬಿಡಿ, ಬೈಟ್ ಎಣಿಸಿ

ಎಸ್‌ಟಿಎಂ-1 ಅನ್ನೋ ಫೈಬರ್ ಲಿಂಕ್‌ನ ವೇಗ 155.52 ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್), ಅದರೊಳಗೆ ಸಾಗುವ ಇ1 ಅನ್ನೋ ಚಿಕ್ಕ ಡಿಜಿಟಲ್ ಲೈನಿನದು 2.048. 155.52ನ್ನು 2.048ರಿಂದ ಭಾಗಿಸಿದರೆ 75.9 ಬರುತ್ತದೆ. ಹಾಗಾಗಿ ಒಂದು ಎಸ್‌ಟಿಎಂ-1 ಆಪ್ಟಿಕಲ್ ಲಿಂಕ್‌ನಲ್ಲಿ 75 ಇ1 ಹೋಗುತ್ತವೆ ಅಂತ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಧೈರ್ಯವಾಗಿ ಬರೆದುಕೊಟ್ಟಿದ್ದೆ. ಹೋಗುವುದು 63. ಪಕ್ಕದಲ್ಲಿದ್ದ ಹಿರಿಯರು ಬೈಯಲಿಲ್ಲ, "ಉಳಿದ 12 ನಿನ್ನ ಮನೆಗೆ ಹಾಕ್ಸೋಣ್ವಾ?" ಅಂದರು ಅಷ್ಟೆ. (ಇ1 ಅಂದರೆ ಲೈನ್ ಕೆಲಸದವರ ಬಾಯಲ್ಲಿ ಟೂ ಎಂಬಿ. ಎರಡೂ ಒಂದೇ.)

ಮೊದಲು ಒಂದು ಸಂಖ್ಯೆ ತಲೆಯಲ್ಲಿಟ್ಟುಕೊಳ್ಳಿ: 64. ಡಿಜಿಟಲ್ ಫೋನ್ ಲೈನಿನಲ್ಲಿ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಪ್ರತಿ ಅಳತೆಗೆ 8 ಬಿಟ್, ಗುಣಿಸಿದರೆ 64 ಕೆಬಿಪಿಎಸ್. ಆಮೇಲೆ ಬಂದ ಆಪ್ಟಿಕಲ್ ಎಸ್‌ಡಿಎಚ್ ಕೂಡ (ಎಸ್‌ಟಿಎಂ-1 ಈ ವ್ಯವಸ್ಥೆಯದ್ದೇ) ಈ 8000ದ ತಾಳ ಬಿಡಲಿಲ್ಲ, ಅದರ ಫ್ರೇಮ್, ಅಂದರೆ ಒಂದು ಸಲಕ್ಕೆ ಕಳಿಸುವ ಬೈಟ್‌ಗಳ ಕಟ್ಟು, ಸಹ ಸೆಕೆಂಡಿಗೆ 8000 ಸಲ ಹೋಗುತ್ತದೆ. ಹಾಗಾಗಿ ಹಳೆಯ ಇ1 ಇರಲಿ ಹೊಸ ಎಸ್‌ಟಿಎಂ-1 ಇರಲಿ, ಫ್ರೇಮ್‌ನಲ್ಲಿ ಒಂದು ಬೈಟ್ ಜಾಗದ ಬೆಲೆ 64 ಕೆಬಿಪಿಎಸ್. ಇಷ್ಟು ಹಿಡಿದುಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಇ1 ಫ್ರೇಮ್‌ನಲ್ಲಿ 32 ಬೈಟ್, ಅಂದರೆ 2.048 ಎಂಬಿಪಿಎಸ್. ಎಸ್‌ಟಿಎಂ-1 ಫ್ರೇಮ್ 9 ಸಾಲು, 270 ಕಾಲಂ ಇರುವ ಒಂದು ಪಟ್ಟಿ, ಒಟ್ಟು 2430 ಬೈಟ್. ಇದನ್ನು 64ರಿಂದ ಗುಣಿಸಿ ನೋಡಿ, ಸರಿಯಾಗಿ 155.52 ಎಂಬಿಪಿಎಸ್ ಬರುತ್ತದೆ. ಇ1 ಬದಲು ಅಮೆರಿಕದಲ್ಲಿರುವ ಟಿ1 ಮಾತ್ರ ಸ್ವಲ್ಪ ತರಲೆ: 24 ಬೈಟ್ ಜೊತೆಗೆ 1 ಬಿಟ್, 1.544 ಎಂಬಿಪಿಎಸ್. ಅವರ ಒಸಿ-3 ನಮ್ಮ ಎಸ್‌ಟಿಎಂ-1ರಷ್ಟೇ ವೇಗದ್ದು, ಆದರೆ ಅದರಲ್ಲಿ ಹಿಡಿಸುವುದು 84 ಟಿ1. ಭಾಗಾಕಾರ ಮಾಡಿದವರಿಗೆ ಇಲ್ಲೂ 100 ಸಿಗುತ್ತದೆ, ಪಾಪ.

ಈಗ ಆ 63 ಎಲ್ಲಿಂದ ಬಂತು ಅಂತ ಕಾಲಂ ಎಣಿಸೋಣ. 270ರಲ್ಲಿ ಮೊದಲ 9 ಲಿಂಕ್‌ನ ಸ್ವಂತ ಖರ್ಚಿಗೆ ಹೋಯಿತು, 261 ಉಳಿಯಿತು. ವಿಸಿ-4 ಅನ್ನೋ ಡಬ್ಬಿ ತನ್ನ ಲೇಬಲ್‌ಗೆ 1 ತೆಗೆದುಕೊಂಡಿತು, 260. ಅದರಲ್ಲಿ 2 ಸುಮ್ನೆ ತುಂಬುವ ಕಾಲಂ, 258. ಇದನ್ನು ಮೂರು ಪಾಲು ಮಾಡಿದರೆ ತಲಾ 86, ಪ್ರತಿ ಪಾಲಿನಲ್ಲೂ ಮತ್ತೆ 2 ಖಾಲಿ ಬಿಟ್ಟರೆ 84. ಒಂದು ಇ1 ಕೂರುವ ಟಿಯು-12 ಜಾಗಕ್ಕೆ 4 ಕಾಲಂ ಬೇಕು. 84ರಲ್ಲಿ ಅಂಥವು 21, ಮೂರು ಪಾಲಿಗೆ 63. ನಾಲ್ಕು ಕಾಲಂ ಅಂದರೆ 36 ಬೈಟ್, ಅಂದರೆ 2.304 ಎಂಬಿಪಿಎಸ್. 2.048ರ ಇ1 ಕೂರುವ ಸೀಟು ಅದಕ್ಕಿಂತ ಸ್ವಲ್ಪ ಅಗಲ ಇದೆ, ಅದಕ್ಕೇ 75 ಹಿಡಿಸುವುದಿಲ್ಲ.

ಇಲ್ಲಿಂದ ಮೇಲಕ್ಕೆ ಸಲೀಸು. ಎಸ್‌ಟಿಎಂ-4 ಅಂದರೆ ಪಕ್ಕಾ ನಾಲ್ಕು ಪಟ್ಟು, 622.08 ಎಂಬಿಪಿಎಸ್, 252 ಇ1. ಎಸ್‌ಟಿಎಂ-16 ಅಂದರೆ 2488.32, 1008 ಇ1. ಹಳೆಯ ಪಿಡಿಎಚ್‌ನಲ್ಲಿ (ಎಸ್‌ಡಿಎಚ್‌ಗಿಂತ ಮೊದಲಿದ್ದ ವ್ಯವಸ್ಥೆ) ಹೀಗಲ್ಲ. ನಾಲ್ಕು ಇ1 ಸೇರಿಸಿದರೆ 8.192 ಆಗಬೇಕು, ಮುಂದಿನ ಮೆಟ್ಟಿಲಾದ ಇ2 ನೋಡಿದರೆ 8.448. ಪ್ರತಿ ಇ1 ತನ್ನದೇ ಗಡಿಯಾರದಲ್ಲಿ ಓಡುತ್ತಿರುತ್ತದೆ, ಒಂದು ಚೂರು ಮುಂದೆ, ಇನ್ನೊಂದು ಚೂರು ಹಿಂದೆ, ಅದನ್ನು ಸರಿದೂಗಿಸಲು ನಡುವೆ ಹೆಚ್ಚುವರಿ ಬಿಟ್ ತುಂಬಬೇಕು. ಹಾಗಾಗಿ ಪಿಡಿಎಚ್ ವೇಗಗಳನ್ನು ಲೆಕ್ಕ ಹಾಕಲು ಹೋಗಬೇಡಿ, ಬಾಯಿಪಾಠ ಮಾಡಿ: 34.368ರಲ್ಲಿ 16 ಇ1, 139.264ರಲ್ಲಿ 64.

ಹೌದು, 64! ಹಳೆಯ 140 ಎಂಬಿಯಲ್ಲಿ (139.264ನ್ನು ಬಾಯಲ್ಲಿ ಹೀಗೆ ಅನ್ನುತ್ತೇವೆ, 34.368ನ್ನು 34 ಎಂಬಿ) ಹೊಸ ಎಸ್‌ಟಿಎಂ-1ಕ್ಕಿಂತ ಒಂದು ಇ1 ಜಾಸ್ತಿ. ಬೀಳಬಾರದ ಇನ್ನೊಂದು ಗುಂಡಿ 34 ಎಂಬಿಯದ್ದು. ಎಸ್‌ಟಿಎಂ-1ರ ಪ್ರತಿ ಪಾಲಿನಲ್ಲೂ ಒಂದೊಂದು 34 ಎಂಬಿ ಹಾಕಿದರೆ ಮೂರೇ ಹಿಡಿಸುವುದು, 48 ಇ1. ಅದೇ ಫೈಬರ್, ಅದೇ 155, ಆದರೂ 15 ಇ1 ಕೈಬಿಟ್ಟು ಹೋಯಿತು. ಹಳೆಯ ಉಪಕರಣ ಇನ್ನೂ ಚೆನ್ನಾಗಿದೆ ಅಂತ 34 ಎಂಬಿಯಲ್ಲೇ ಸಾಗಿಸುವವರು ಇದನ್ನು ಯೋಚಿಸಿ.

ಈಥರ್ನೆಟ್ ಹಾಕುವುದಾದರೆ ಸೀಟಿನ ಒಳ ಅಳತೆ ನೋಡಬೇಕು. 36 ಬೈಟ್‌ನಲ್ಲಿ ಡಬ್ಬಿ ಎಲ್ಲಿ ಶುರು ಅಂತ ತೋರಿಸುವ ಪಾಯಿಂಟರ್‌ಗೆ 1, ಲೇಬಲ್‌ಗೆ 1 ಹೋದರೆ 34, ಅಂದರೆ 2.176 ಎಂಬಿಪಿಎಸ್. 10 ಎಂಬಿಪಿಎಸ್ ಬೇಕೆಂದರೆ ವಿಕ್ಯಾಟ್‌ನಲ್ಲಿ (ಚಿಕ್ಕ ಡಬ್ಬಿಗಳನ್ನು ಒಟ್ಟಿಗೆ ಕಟ್ಟಿ ದೊಡ್ಡದು ಮಾಡುವ ವಿಧಾನ) ಇಂಥ ಸೀಟಿನಲ್ಲಿ ಕೂರುವ 5 ವಿಸಿ-12 ಡಬ್ಬಿ ಕಟ್ಟಿ, 10.88 ಸಿಗುತ್ತದೆ. 100ಕ್ಕೆ 46 ಬೇಕು, 100.096. ಆಗ ಆ ಎಸ್‌ಟಿಎಂ-1ರಲ್ಲಿ ಇ1ಗೆ ಉಳಿಯುವುದು 17. ನಾನಾದರೆ ಎರಡು ವಿಸಿ-3 (ಆ ಮೂರು ಪಾಲಿನಲ್ಲಿ ಒಂದು ಪಾಲನ್ನು ಪೂರ್ತಿ ಹಿಡಿಯುವ ಡಬ್ಬಿ) ಕಟ್ಟುತ್ತೇನೆ. 96.768 ಸಿಗುತ್ತದೆ, ಚೂರು ಕಮ್ಮಿ ನಿಜ, ಆದರೆ 21 ಇ1 ಉಳಿಯುತ್ತವೆ, ಮೇಲಾಗಿ 46 ಕ್ರಾಸ್-ಕನೆಕ್ಟ್ (ಯಾವ ಡಬ್ಬಿ ಎಲ್ಲಿಗೆ ಅನ್ನೋ ಜೋಡಣೆ) ಹಾಕುತ್ತಾ ರಾತ್ರಿ ಕಳೆಯಬೇಕಾಗಿಲ್ಲ. ಪೂರ್ತಿ ಗಿಗಾಬಿಟ್ ಬೇಕಾದರೆ 7 ವಿಸಿ-4, ತಲಾ 149.76. ಅದು ಎಸ್‌ಟಿಎಂ-4ರಲ್ಲಿ ಹಿಡಿಸುವುದೇ ಇಲ್ಲ, ಎಸ್‌ಟಿಎಂ-16 ಬೇಕು.

ಕೊನೆಗೆ ಕಸ್ಟಮರ್ ಕೇಳುವುದು ಬಿಟ್ ಅಲ್ಲ, "1 ಜಿಬಿ ಫೈಲ್ ಎಷ್ಟು ಹೊತ್ತು?" ಅಂತ. ಟೆಲಿಕಾಂ ವೇಗದಲ್ಲಿ ಕೆಬಿ, ಎಂಬಿ ಎಲ್ಲ ಬಿಟ್ ಲೆಕ್ಕ, ಸಾವಿರದ ಲೆಕ್ಕ, 1024 ತರಬೇಡಿ. ಫೈಲ್ 8000 ಮೆಗಾಬಿಟ್. ಇ1ನಲ್ಲಿ ಮೊದಲ ಟೈಮ್‌ಸ್ಲಾಟ್ (32 ಬೈಟ್ ಜಾಗಗಳಲ್ಲಿ ಒಂದು) ಫ್ರೇಮ್ ಎಲ್ಲಿ ಶುರು ಅಂತ ಗುರುತಿಸುವ ಫ್ರೇಮಿಂಗ್‌ಗೆ ಹೋಗಿ ಡೇಟಾಗೆ 31 ಸಿಕ್ಕರೆ 1.984 ಎಂಬಿಪಿಎಸ್, ಭಾಗಿಸಿದರೆ 4032 ಸೆಕೆಂಡ್, ಸುಮಾರು 67 ನಿಮಿಷ. ಪ್ಯಾಕೆಟ್ ಹೆಡರ್‌ಗಳ ಖರ್ಚು ಬೇರೆ ಇದೆ, ಅದಕ್ಕೆ ನಾನು ಕಸ್ಟಮರ್‌ಗೆ ಒಂದೂಕಾಲು ಗಂಟೆ ಅಂತಲೇ ಹೇಳುವುದು.