ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ‘ರಾಟಲ್‌ಸ್ನೇಕ್ಸ್’ ವಾಪಸು ತಂದದ್ದು

ಬೂಷ್ಟು ಹಿಡಿದ ಈ ಕ್ಯಾಸೆಟ್ಟು ತೋರಿಸಿ ಕೇಳಿದ ಮೂವರು ರಿಪೇರಿಯವರೂ ‘ಬಿಸಾಡಿ’ ಎಂದಿದ್ದರು. ಮಗಳು ಫೋನಿನಲ್ಲಿ ಅದರಲ್ಲಿದ್ದ ‘ರಾಟಲ್‌ಸ್ನೇಕ್ಸ್’ ಆಲ್ಬಮ್ಮನ್ನೇ ಹಾಕಿ ‘ಇಲ್ಲಿ ಉಂಟಲ್ಲಾ ಅಪ್ಪಾ’ ಎಂದಳು. ಉಂಟು. ಆದರೆ ನಾನು ಇಷ್ಟು ವರ್ಷ ಪ್ರೀತಿಸಿದ್ದು 1986ರಲ್ಲಿ ಭಾವ ದುಬೈಯಲ್ಲಿ ತುಂಬಿಸಿ ತಂದ ಟಿಡಿಕೆ 90ರ (90 ನಿಮಿಷದ ಕ್ಯಾಸೆಟ್ಟು) ಎ ಬದಿಯನ್ನು. ಹಾಡಿದ್ದು ಲಾಯ್ಡ್ ಕೋಲ್ ಮತ್ತು ಕಮೋಷನ್ಸ್ ಎಂಬ ಬ್ಯಾಂಡ್, ಗ್ಲಾಸ್ಗೋದವರು, 1984ರ ಆಲ್ಬಮ್, 10 ಹಾಡು. ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದೇ ಅದರ ಶೀರ್ಷಿಕೆ ಹಾಡಿನಿಂದ. ಆಮೇಲೆ ಕಾಸರಗೋಡಿನ ಕಾಲೇಜು ಲೈಬ್ರರಿಯಲ್ಲಿ ಹುಡುಕಿ ಓದಿದೆ. ಆ ಬ್ಯಾಂಡಿನ ನೀಲ್ ಕ್ಲಾರ್ಕ್ ನುಡಿಸಿದ ಗಿಟಾರನ್ನು ಬದಿಯಡ್ಕದ ಮನೆಯ ಚಾವಡಿಯಲ್ಲಿ ಕೂತು, ತಂತಿಯಲ್ಲಿ ಬೆರಳು ಕೊಯ್ದುಕೊಂಡು ಕಲಿತೆ.

ನಮ್ಮ ಮಳೆಗಾಲಕ್ಕೆ ಅಟ್ಟದಲ್ಲಿಟ್ಟ ಕ್ಯಾಸೆಟ್ಟು ಉಳಿಯುವುದುಂಟೇ? ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ಬೆಳ್ಳಗೆ ಹಿಟ್ಟು ಉದುರಿಸಿದ ಹಾಗೆ. ಮಂಗಳೂರಿನ ಒಬ್ಬರು 1,200 ರೂಪಾಯಿ ತೆಗೆದುಕೊಂಡು, ಒರೆಸದೆ ನೇರ ಮೆಷಿನಿಗೆ ಹಾಕಿದರು. ಅದು ಎರಡು ಅಡಿ ಟೇಪು ನುಂಗಿತು. ಎರಡು ಅಡಿ ಅಂದರೆ 13 ಸೆಕೆಂಡು ಹಾಡು. ಆ ದಿನ ಬಸ್ಸಿನಲ್ಲಿ ಬರುವಾಗ ಕಣ್ಣಲ್ಲಿ ನೀರು ಬಂತು.

ಮತ್ತೆ ನಾನೇ ಕೈ ಹಾಕಿದೆ. ಕ್ಯಾಸೆಟ್ಟು ನುಡಿಸುವ ಡೆಕ್ ಹಳೆಯದು 4,500, ಅದರ ಬೆಲ್ಟು, ಐಡ್ಲರ್ ಚಕ್ರ ಎಲ್ಲ ಸೇರಿ 700 ಚಿಲ್ಲರೆ. ಪ್ರಯೋಗಕ್ಕೆ ಬೇಡದ ಕ್ಯಾಸೆಟ್ಟು ಒಂದು ಗೋಣಿ. ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಒಂದನ್ನು ಇಟ್ಟೆ, ಮಧ್ಯಾಹ್ನದೊಳಗೆ ಪೆಟ್ಟಿಗೆ ಡೊಂಕು. ಅಕ್ಕಿ ಡಬ್ಬದಲ್ಲಿಟ್ಟರೆ ತೌಡಿನ ಹುಡಿ ಒಳಗೆ ಹೋಯಿತು. ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಟೇಪು ಒದ್ದೆ ಮಾಡಿ ಒರೆಸಿದರೆ ಬೂಷ್ಟು ಅಂಟಾಗಿ ಇನ್ನೂ ಹರಡಿತು. ಐಪಿಎ ಡೆಕ್ಕಿನಲ್ಲಿ ಟೇಪು ಓದುವ ಹೆಡ್ಡಿಗೆ, ಟೇಪು ಎಳೆಯುವ ಪಿಂಚ್ ರೋಲರಿಗೆ ಸಾಕು, ಟೇಪಿಗೆ ಬೇಡ.

ಕೊನೆಗೆ ಫಲಿಸಿದ್ದು ಒಣ ದಾರಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮೂರು ವಾರ. ಆಮೇಲೆ ಸ್ಕ್ರೂ ಇರುವ ಬೇರೆ ಪೆಟ್ಟಿಗೆಗೆ ಸುರುಳಿ ವರ್ಗ, ಟೇಪನ್ನು ಹೆಡ್ಡಿಗೆ ಒತ್ತುವ ಹೊಸ ಪ್ಯಾಡ್. ಮುಖಕ್ಕೆ ಮಾಸ್ಕ್ ಕಟ್ಟಿ ಅಂಗಳದಲ್ಲೇ ಮಾಡಿ, ಆ ಹುಡಿ ಮನೆಯೊಳಗೆ ಬೇಡ. ಟೇಪು ಬಟ್ಟೆಗೆ ಸವರುತ್ತಾ ಹೋಗಬೇಕು, ಫಾಸ್ಟ್ ಫಾರ್ವರ್ಡ್ ಖಂಡಿತ ಬೇಡ. 90ರ ಟೇಪು 60ರದ್ದಕ್ಕಿಂತ ತೆಳು, ಎಳೆದರೆ ಹಿಗ್ಗಿಯೇ ಹೋಗುತ್ತದೆ. ಏಳೆಂಟು ಸಲ, ಪ್ರತಿ ಸಲ ಹೊಸ ಬಟ್ಟೆ. ಯಾವ ಬಟ್ಟೆ, ಎಷ್ಟು ಒತ್ತು ಎಂಬುದು ನನ್ನಲ್ಲೇ ಇರಲಿ, ಒಂದು ಮಳೆಗಾಲವಿಡೀ ಅದಕ್ಕೇ ಹೋಗಿದೆ.

ಅಝಿಮತ್, ಅಂದರೆ ಟೇಪಿಗೆ ಹೆಡ್ಡು ನಿಲ್ಲುವ ಕೋನ, ಕೂರಿಸಲು ಕಲಿತದ್ದು ನೆರೆಮನೆಯ ಯಕ್ಷಗಾನ ಕ್ಯಾಸೆಟ್ಟಿನಲ್ಲಿ. ಎಡ ಬಲದ ಸದ್ದು ಒಂದಾಗಿಸಿ (ಮೊನೊ) ಹೆಡ್ಡಿನ ಸ್ಕ್ರೂ ತಿರುಗಿಸುತ್ತಾ ಹೋದರೆ, ಚಕ್ರತಾಳ ಮಸುಕಿನಿಂದ ಫಕ್ಕನೆ ‘ಚಿಣ್’ ಎಂದು ಬಿಡಿಸಿಕೊಳ್ಳುವ ಜಾಗ ಒಂದಿದೆ. ಗಿಟಾರಿನಲ್ಲಿ ಅಷ್ಟು ಸ್ಪಷ್ಟ ಗೊತ್ತಾಗುವುದಿಲ್ಲ. ಆ ನೆರೆಯವರ ನಾಲ್ಕು ಕ್ಯಾಸೆಟ್ಟು ಹಾಗೆಯೇ ಬದುಕಿದವು, ಒಂದು ಹಿಡಿಯಷ್ಟು ಒಳ್ಳೆಮೆಣಸು ಕೊಟ್ಟರು.

ಎಲ್ಲ ಸೇರಿ ಎಂಟು ಸಾವಿರದ ಹತ್ತಿರ. ಡೆಕ್ಕಿಗೆ ಹಾಕಿ ಒತ್ತಿದಾಗ ಮೊದಲು ಸುಂಯ್ ಎಂದಿತು, ಮತ್ತೆ ಗಿಟಾರು ಬಂತು. ಶೀರ್ಷಿಕೆ ಹಾಡಿನಲ್ಲಿ ಆನ್ ಡಡ್ಲಿ ಕೂಡಿಸಿದ ಪಿಟೀಲುಗಳು ಬರುವಾಗ ಕೈ ನಡುಗುತ್ತಿತ್ತು. ‘ಬಿಸಾಡಿ’ ಎಂದವರಲ್ಲಿ ಇಬ್ಬರನ್ನು ಕರೆದು ಕೇಳಿಸಿದೆ, ಸುಮ್ಮನೆ ಕೂತು ಪೂರ್ತಿ ಕೇಳಿದರು. ಹರಿದ 13 ಸೆಕೆಂಡು ನೀವಿ ಕೂಡಿಸಿದ್ದೇನೆ, ಅಲ್ಲಿ ಸ್ವರ ನೀರೊಳಗಿನ ಹಾಗೆ ಬಳುಕುತ್ತದೆ. ಫೋನಿನಿಂದ ಆ ತುಂಡು ತಂದು ತುಂಬಿಸಬಹುದಿತ್ತು, ಮನಸ್ಸು ಬರಲಿಲ್ಲ.

ಭಾವನ ದುಬೈ ಡೆಕ್ಕಿನ ದೋಷಕ್ಕೆ ಇಡೀ ಬದಿ ಸುಮಾರು ಕಾಲು ಸ್ವರ ಏರಿ ಕೂತಿದೆ. ಅಂದು ಇದು ಗೊತ್ತಿಲ್ಲದೆ ಗಿಟಾರಿನ ತಂತಿಯನ್ನೇ ಅಷ್ಟು ಬಿಗಿದು ಜೊತೆಗೆ ನುಡಿಸುತ್ತಿದ್ದೆ. ಕಂಪ್ಯೂಟರಿನಲ್ಲಿ ವೇಗ ಶೇ. 3ರಷ್ಟು ಇಳಿಸಿ ಒಂದು ಪ್ರತಿ ಮಾಡಿದ್ದೂ ಇದೆ. ಕಳೆದ ವಾರ ಭಾವ ಕುಂಬಳೆಯಿಂದ ಬಂದಾಗ ಪೆನ್‌ಡ್ರೈವಿಗೆ ಹಾಕಿಕೊಟ್ಟದ್ದು ಇಳಿಸದ ಪ್ರತಿಯನ್ನು.